ಇಪ್ಪತ್ತಾರು ಗಂಟೆ ಇಪ್ಪತ್ತು ನಿಮಿಷ

ಬಸ್ ಡಿಪೋದ ಗೇಟು ದಾಟಿ ಎಡಕ್ಕೆ ತಿರುಗಿದರೆ ಮೊದಲು ಸಿಗುವುದು ಟೈಮ್‌ಕೀಪರ್ ಕೋಣೆ. ಕೋಣೆಯ ಹೊರಗೋಡೆಗೆ ಎರಡು ಕರಿಹಲಗೆಗಳಿವೆ. ಒಂದರಲ್ಲಿ ದಿನದ ಡ್ಯೂಟಿ ಪಟ್ಟಿ: ಯಾವ ಬಸ್ಸು, ಯಾರ ಕೈಗೆ, ಎಷ್ಟು ಗಂಟೆಗೆ. ಇನ್ನೊಂದರ ನೆತ್ತಿಯಲ್ಲಿ ಎರಡು ಸಾಲುಗಳು. ಮೇಲಿನದು "ಅಪಘಾತವಿಲ್ಲದ ದಿನಗಳು." ಅದರ ಮುಂದಿನ ಸಂಖ್ಯೆ ಪಾಪದ್ದು, ನಲವತ್ತಕ್ಕೋ ಅರವತ್ತಕ್ಕೋ ಏರುತ್ತದೆ, ಯಾರದೋ ಕನ್ನಡಿ ಯಾವುದೋ ಕಂಬಕ್ಕೆ ತಾಗುತ್ತದೆ, ಮತ್ತೆ ಸೊನ್ನೆಗೆ ಇಳಿಯುತ್ತದೆ. ಕೆಳಗಿನ ಸಾಲು "ತಪ್ಪಿಲ್ಲದ ಪ್ರಶ್ನೆಗಳು." ಅದರ ಮುಂದಿನ ಸಂಖ್ಯೆ ಹದಿನಾರು ವರ್ಷಗಳಲ್ಲಿ ಒಮ್ಮೆಯೂ ಕೆಳಗೆ ಇಳಿದಿರಲಿಲ್ಲ. ಏಪ್ರಿಲ್ ಹದಿನಾಲ್ಕರ ಸೋಮವಾರ ಬೆಳಿಗ್ಗೆ ಅದು 4,995 ಆಗಿತ್ತು.

ಆ ಸಂಖ್ಯೆಯ ಒಡತಿಯಾದ ಟೈಮ್‌ಕೀಪರಿಗೆ ಐವತ್ತೆರಡು ವರ್ಷ. ಎದುರಿಗೆ ಎಲ್ಲರೂ ಅಕ್ಕ ಅನ್ನುತ್ತಾರೆ, ಸ್ವಲ್ಪ ದೂರದವರು ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ಮಾತ್ರ ಇಡೀ ಡಿಪೋ ತಾರೀಖಮ್ಮ ಅನ್ನುತ್ತದೆ. ಅದು ಆಕೆಗೆ ಗೊತ್ತು. ಬೇಸರವಿಲ್ಲ. ಬೆಳಗಿನ ಐದಕ್ಕೆ ಬಂದು ಕೂತರೆ ಮಧ್ಯಾಹ್ನ ಎರಡೂವರೆಗೆ ಏಳುವ ತನಕ ಒಂದೇ ಕೆಲಸ: ನಲವತ್ಮೂರು ಬಸ್ಸುಗಳನ್ನು ಗೇಟಿನಿಂದ ಹೊರಗೆ ಕಳಿಸುವುದು, ಒಳಗೆ ಬಂದದ್ದನ್ನು ಬರೆದುಕೊಳ್ಳುವುದು. ಆಕೆಯ ಪಾಳಿಯಲ್ಲಿ ಬಸ್ಸು ಎರಡು ನಿಮಿಷ ತಡವಾಗಿ ಹೊರಟರೆ ಡ್ರೈವರನಿಗಿಂತ ಮೊದಲು ಆಕೆಗೇ ಮುಖ ಸಪ್ಪಗಾಗುತ್ತದೆ.

ಪ್ರಶ್ನೆಯ ಆಟ ಶುರುವಾದದ್ದು ಜಗಳದಿಂದ. ಬೆಳಗಿನ ಪಾಳಿಯ ಬಸ್ಸುಗಳು ಎರಡು ಗಂಟೆಯ ಆಸುಪಾಸಿನಲ್ಲಿ ಒಟ್ಟಿಗೆ ವಾಪಸು ಬರುತ್ತವೆ. ತೊಳೆಯುವ ಜಾಗ ಮಾತ್ರ ಒಂದೇ. ಬಸ್ಸು ತೊಳೆಸಿ ಒಪ್ಪಿಸದೆ ಮನೆಗೆ ಹೋಗುವಂತಿಲ್ಲ. ಸಾಲಿನ ಮುಂದಿರುವವನು ಹತ್ತು ನಿಮಿಷಕ್ಕೆ ಹೊರಟರೆ ಕೊನೆಯವನಿಗೆ ಒಂದೂವರೆ ಗಂಟೆ ಕಾಯುವ ಯೋಗ. ಮೊದಲು ಯಾರು ಎಂದು ದಿನಾ ಹಾರ್ನಿನ ಕುಸ್ತಿ. ಚೀಟಿ ಎತ್ತಿಸಿ ನೋಡಿದಳು. ಚೀಟಿಯಲ್ಲಿ ಮೋಸ ಎಂದರು. ಆವತ್ತು ಕೋಣೆಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ಪ್ರತಿ ತಾರೀಖಿನ ಕೆಳಗೆ ಒಂದು ಸಾಲು: ಈ ದಿನ ಇಂಥ ಯುದ್ಧ ಮುಗಿಯಿತು, ಈ ದಿನ ಇಂಥ ಸೇತುವೆ ತೆರೆಯಿತು. ಬೇಸತ್ತು ಅದನ್ನೇ ಪ್ರಶ್ನೆ ಮಾಡಿ ಹಲಗೆಗೆ ಬರೆದಳು. "ಸರಿ ಉತ್ತರ ಕೊಟ್ಟವನ ಬಸ್ಸು ಮೊದಲು. ಇನ್ನು ಹಾರ್ನ್ ಹೊಡೆದವನ ಬಸ್ಸು ಕೊನೆಗೆ." ಮರುದಿನದಿಂದ ಡಿಪೋ ತಣ್ಣಗಾಯಿತು.

ನಿಯಮ ಎರಡೇ. ಉತ್ತರವನ್ನು ಹಳೇ ಟಿಕೆಟಿನ ಹಿಂಬದಿಗೆ ಬರೆದು ಕಿಟಕಿಯ ಪಕ್ಕದ ತಗಡಿನ ಡಬ್ಬಿಗೆ ಹಾಕಬೇಕು. ಎರಡು ಗಂಟೆಗೆ ಆಕೆ ಡಬ್ಬಿಯನ್ನು ಬೋರಲು ಹಾಕುತ್ತಾಳೆ, ಹಾಗಾಗಿ ಮೊದಲು ಬಿದ್ದ ಚೀಟಿ ಮೇಲೆ ಬರುತ್ತದೆ. ಮೊದಲ ಸರಿ ಉತ್ತರಕ್ಕೆ ಗೆಲುವು. ಎರಡನೆಯದು, ಬಸ್ಸಿನಲ್ಲಿ ಕೂತ ಮನುಷ್ಯರನ್ನು ಎಷ್ಟು ಬೇಕಾದರೂ ಕೇಳಬಹುದು, ಫೋನನ್ನು ಕೇಳುವಂತಿಲ್ಲ. ಕದ್ದು ನೋಡಿದವರು ತಾವಾಗಿಯೇ ಸಿಕ್ಕಿಬೀಳುತ್ತಿದ್ದರು. ಅವರ ಉತ್ತರದಲ್ಲಿ ಯಾರೂ ಕೇಳದ ವಿವರಗಳೆಲ್ಲ ಇರುತ್ತಿದ್ದವು.

ಹೀಗಾಗಿ ಪ್ರಶ್ನೆ ಡಿಪೋದಲ್ಲಿ ಉಳಿಯಲಿಲ್ಲ; ಬಸ್ಸು ಹತ್ತಿ ಊರು ಸುತ್ತತೊಡಗಿತು. ಎಂಟನೇ ನಂಬರಿನ ಕಂಡಕ್ಟರಮ್ಮನಿಗಂತೂ ಟಿಕೆಟು ಕೊಡುವುದಕ್ಕಿಂತ ಪ್ರಶ್ನೆ ಕೇಳುವುದರಲ್ಲೇ ಮೋಜು. ಮುಂದಿನ ಬಾಗಿಲಲ್ಲಿ ನಿಂತು ಮಾತಾಡಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುವವನು ಎದ್ದು ಕೂರುತ್ತಾನೆ. ಅದಕ್ಕೇ ಲೌಡ್‌ಸ್ಪೀಕರ್ ಎಂಬ ಹೆಸರು. ಆ ಸೋಮವಾರ ಆಕೆ ಕೂಗಿದ್ದು ಇದನ್ನು:

"ಕೇಳ್ರಪ್ಪಾ, ಕೇಳ್ರಮ್ಮಾ! ಸಾವಿರದ ಒಂಬೈನೂರ ಹನ್ನೆರಡು, ಇದೇ ದಿನ. ಟೈಟಾನಿಕ್ ಹಡಗು ಮುಳುಗಿತು. ಹಿಮಗಡ್ಡೆಗೆ ಗುದ್ದಿದ ಮೇಲೆ ಪೂರ್ತಿ ಮುಳುಗೋಕೆ ಎಷ್ಟು ಹೊತ್ತು ಹಿಡೀತು? ಗೊತ್ತಿರೋರು ಹೇಳಿ, ಗೊತ್ತಿಲ್ದೋರು ಒಳಗೆ ಸರೀರಿ!"

"ಅರ್ಧ ಗಂಟೆ," ಎಂದ ಒಬ್ಬ.

"ಅರ್ಧ ಗಂಟೇಲಿ ಈ ಬಸ್ಸು ಮಾರ್ಕೆಟ್ ದಾಟಲ್ಲ ಕಣಯ್ಯಾ, ಅಷ್ಟು ದೊಡ್ಡ ಹಡಗು ಮುಳುಗುತ್ತಾ?"

ಕಾಲ ಬಳಿ ಪೈಪುಗಳ ಕಟ್ಟು ಇಟ್ಟುಕೊಂಡಿದ್ದ ನಲ್ಲಿ ರಿಪೇರಿಯವನು ಗಂಭೀರವಾಗಿ ಕೇಳಿದ: "ತೂತು ಎಷ್ಟು ದೊಡ್ಡದು ಅಂತ ಮೊದಲು ಹೇಳಿ. ಆಮೇಲೆ ನಾನು ಹೊತ್ತು ಹೇಳ್ತೀನಿ."

ಕೊನೆಗೆ ಶಾಲೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದ ಒಬ್ಬ ಹೆಂಗಸು ಕಿಟಕಿಯಿಂದ ಮುಖ ತಿರುಗಿಸದೆಯೇ "ಎರಡು ಗಂಟೆ ನಲವತ್ತು ನಿಮಿಷ" ಎಂದಳು. ಅಷ್ಟರಲ್ಲಿ ನಾಲ್ಕು ಜನ ತಮ್ಮ ಸ್ಟಾಪು ಮರೆತಿದ್ದರು.

ಮಧ್ಯಾಹ್ನ ಎರಡಕ್ಕೆ ಡಬ್ಬಿ ಬೋರಲಾಯಿತು. ಲೌಡ್‌ಸ್ಪೀಕರ್ ಗೆದ್ದಳು. ಅವಳ ಬಸ್ಸು ಸಾಲು ದಾಟಿ ನೀರಿನ ಕೆಳಗೆ ಹೋಯಿತು. ಟೈಮ್‌ಕೀಪರ್ 4,995ನ್ನು ಒರೆಸಿ 4,996 ಎಂದು ಬರೆದು ಕೈಗಂಟಿದ ಸೀಮೆಸುಣ್ಣದ ಪುಡಿ ಕೊಡವಿದಳು. ಶುಕ್ರವಾರಕ್ಕೆ ಐದು ಸಾವಿರ. ಆ ಸಂಖ್ಯೆಯನ್ನು ಬಣ್ಣದಲ್ಲಿ ಬರೆಸಲು ಮ್ಯಾನೇಜರು ಬೋರ್ಡು ಬರೆಯುವವನಿಗೆ ಹೇಳಿದ್ದರು, ಸಂಸ್ಥೆಯ ಪತ್ರಿಕೆಗೆ ಫೋಟೋ ಬೇರೆ. ಇಪ್ಪತ್ನಾಲ್ಕು ವರ್ಷದ ನೌಕರಿಯಲ್ಲಿ ಆಕೆಯ ಫೋಟೋ ಎಲ್ಲೂ ಬಂದಿರಲಿಲ್ಲ. ಶುಕ್ರವಾರಕ್ಕೆಂದು ಇಸ್ತ್ರಿ ಮಾಡಿಸಿದ ಯೂನಿಫಾರಂ ಆಗಲೇ ಮನೆಯ ಬಾಗಿಲ ಹಿಂದೆ ತೂಗುತ್ತಿತ್ತು.

ಆಗ ಗುಂಪಿನ ಹಿಂದಿನಿಂದ ಒಂದು ಮೆಲುದನಿ ಬಂತು.

"ಅದು ಇವತ್ತಲ್ಲ ಮೇಡಂ."

ಎಲ್ಲರೂ ತಿರುಗಿ ನೋಡಿದರು. ದಿನದ ಕಟ್ಟಕಡೆಯ ಟ್ರಿಪ್ ಓಡಿಸುವ ಡ್ರೈವರ್ ನಿಂತಿದ್ದ. ಏಳು ವರ್ಷದಿಂದ ಅದೇ ಪಾಳಿ. ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ಅವನು ಕೊನೇಗಾಡಿ. ಸಂಜೆ ನಾಲ್ಕೂವರೆಗೆ ಕೆಲಸಕ್ಕೆ ಬರುವವನಾದ್ದರಿಂದ ಅವನ ಪಾಲಿಗೆ ಹಲಗೆಯಲ್ಲಿ ಯಾವತ್ತೂ ಉತ್ತರವಿರುತ್ತಿತ್ತೇ ಹೊರತು ಪ್ರಶ್ನೆ ಇರುತ್ತಿರಲಿಲ್ಲ. ಆ ದಿನ ವರ್ಷಕ್ಕೊಮ್ಮೆಯ ಕಣ್ಣಿನ ಪರೀಕ್ಷೆಗೆಂದು ಬೇಗ ಬಂದಿದ್ದ.

"ಏನು ಇವತ್ತಲ್ಲ?" ಎಂದಳು ಟೈಮ್‌ಕೀಪರ್.

"ಹಡಗು. ಗುದ್ದಿದ್ದು ಇವತ್ತು. ಹನ್ನೊಂದು ನಲವತ್ತಕ್ಕೆ. ಮುಳುಗಿದ್ದು ನಾಳೆ."

"ಡಾಕ್ಟರ ಬೋರ್ಡು ಓದಿದ್ದು ಸಾಲದು ಅಂತ ನಮ್ಮ ಬೋರ್ಡೂ ಓದೋಕೆ ಬಂದ್ಯಾ?" ಎಂದಳು ಲೌಡ್‌ಸ್ಪೀಕರ್. "ನನ್ನ ಬಸ್ಸು ಆಗಲೇ ಒದ್ದೆಯಾಗಿದೆ, ಹೇಳ್ಬಿಟ್ಟೆ. ವಾಪಸು ಒಣಗಿಸಿ ಸಾಲಲ್ಲಿ ನಿಲ್ಸೋಕಾಗಲ್ಲ."

ಟೈಮ್‌ಕೀಪರ್ ಒಳಗೆ ಹೋಗಿ ಡ್ರಾಯರಿನಿಂದ ಆ ದಿನದ ಕಾರ್ಡು ತಂದಳು. ಅದರಲ್ಲಿ ಆಕೆಯದೇ ದುಂಡಗಿನ ಅಕ್ಷರ: ಏಪ್ರಿಲ್ 14. ಗುದ್ದಿದ್ದು 23:40. ಮುಳುಗಿದ್ದು 26:20.

ಹೊರಗಿನವರಿಗೆ ಇದು ವಿಚಿತ್ರ ಎನಿಸಬಹುದು. ಡಿಪೋದವರಿಗೆ ಇಪ್ಪತ್ತಾರು ಗಂಟೆ ದಿನನಿತ್ಯದ್ದು. ಕೊನೆಯ ಬಸ್ಸು ರಾತ್ರಿ ಒಂದೂಕಾಲಿಗೆ ಗೇಟಿನೊಳಗೆ ಬರುತ್ತದೆ. ಆದರೆ ಅದು ಹಿಂದಿನ ದಿನದ ಕೆಲಸ, ಹಿಂದಿನ ದಿನದ ಕಾಗದದಲ್ಲೇ ಇರಬೇಕು. ಅದಕ್ಕೆ ಹನ್ನೆರಡು ಹೊಡೆದ ಮೇಲೂ ಡಿಪೋದ ಗಡಿಯಾರ ಸೊನ್ನೆಗೆ ಬರುವುದಿಲ್ಲ. ಇಪ್ಪತ್ನಾಲ್ಕೂವರೆ, ಇಪ್ಪತ್ತೈದು, ಇಪ್ಪತ್ತೈದೂಕಾಲು ಎಂದು ಮುಂದುವರಿಯುತ್ತದೆ. ಕೊನೇ ಗಾಡಿ ಬಂದ ಮೇಲೆಯೇ ದಿನ ಮುಗಿಯುವುದು. ಎರಡು ಇಪ್ಪತ್ತಕ್ಕೆ ಮುಳುಗಿದ ಹಡಗನ್ನೂ ಆಕೆ ಹಾಗೆಯೇ ಬರೆದುಕೊಂಡಿದ್ದಳು, ತಡವಾಗಿ ಬಂದ ಬಸ್ಸಿನಂತೆ.

"ನಮ್ಮ ಲೆಕ್ಕದಲ್ಲಿ ಇವತ್ತೇ ಆಯ್ತಲ್ಲಪ್ಪಾ," ಎಂದಳು. ದನಿ ಮಾತ್ರ ಸ್ವಲ್ಪ ಇಳಿದಿತ್ತು. "ಡಿಪೋದ ದಿನ."

"ಸಮುದ್ರದಲ್ಲಿ ಡಿಪೋ ಎಲ್ಲಿತ್ತು ಮೇಡಂ?"

ನಗು ಗೋಡೆಗೆ ಬಡಿದು ವಾಪಸು ಬಂತು. ಕೊನೇಗಾಡಿ ಮಾತ್ರ ನಗಲಿಲ್ಲ. "ನಾನು ಇದನ್ನ ಏಳು ವರ್ಷದಿಂದ ಅನುಭವಿಸ್ತಾ ಇದೀನಿ. ವರ್ಷಾ ವರ್ಷಾ ಮದುವೆಯಾದ ದಿನದ ಊಟಕ್ಕೆ ಮನೆಗೆ ಹೋಗೋ ಹೊತ್ತಿಗೆ ಡಿಪೋ ಲೆಕ್ಕದಲ್ಲಿ ಆ ದಿನ ಇನ್ನೂ ಇರುತ್ತೆ. ಮನೆ ಲೆಕ್ಕದಲ್ಲಿ ಮುಗಿದಿರುತ್ತೆ. ನನ್ನ ಹೆಂಡ್ತಿ ಮನೆ ಲೆಕ್ಕ ಮಾತ್ರ ನೋಡೋದು."

ಗದ್ದಲ ಕೇಳಿ ಮ್ಯಾನೇಜರು ಹೊರಗೆ ಬಂದರು. ವಿಷಯ ತಿಳಿದು ಕೈ ಬೀಸಿದರು. "ಬಿಡಿಯಮ್ಮಾ, ಮುಳುಗಿ ನೂರು ವರ್ಷ ದಾಟಿತು. ಒಂದೆರಡು ಗಂಟೆ ಹಿಂದೆ ಮುಂದೆ ಆದರೆ ಯಾರು ಬಂದು ಕೇಳ್ತಾರೆ? ಬಣ್ಣದವನಿಗೆ ಹೇಳಾಗಿದೆ. ತೀರ್ಪು ಹೇಳೋರು ನೀವೇ ತಾನೇ, ಹೇಳ್ಬಿಡಿ, ಮುಗೀತು."

ಆಕೆಗೆ ಚುಚ್ಚಿದ್ದೇ ಆ ಕೊನೆಯ ಮಾತು. ತೀರ್ಪು ಹೇಳುವವಳು ಆಕೆಯೇ. ಹದಿನಾರು ವರ್ಷದಲ್ಲಿ ಎಷ್ಟೋ ಜನರ ಉತ್ತರವನ್ನು ಒಂದು ದಿನದ ವ್ಯತ್ಯಾಸಕ್ಕೆ ತಿರಸ್ಕರಿಸಿದ್ದಾಳೆ. ಗೋಗರೆದವರಿಗೆ "ತಾರೀಖು ಅಂದ್ರೆ ತಾರೀಖು" ಎಂದಿದ್ದಾಳೆ. "ನಾಳೆ ಹೇಳ್ತೀನಿ," ಎಂದಷ್ಟೇ ಹೇಳಿ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಮನೆಯಲ್ಲಿ ಆಕೆಯ ಪ್ರಶ್ನೆಗಳ ಮೊದಲ ಪರೀಕ್ಷೆ ನಡೆಯುವುದು ಅತ್ತೆಯ ಮುಂದೆ. ಅತ್ತೆಗೆ ಎಪ್ಪತ್ತೊಂಬತ್ತು, ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದವರು. ರೇಡಿಯೋ ಕೇಳುತ್ತಾ, ಪತ್ರಿಕೆಯನ್ನು ಜಾಹೀರಾತು ಸಮೇತ ಓದುತ್ತಾ, ಸೊಸೆಯ ಪ್ರಶ್ನೆ ಸುಲಭವಾದರೆ ಮೂಗು ಮುರಿಯುತ್ತಾರೆ. ಕಾರ್ಡುಗಳನ್ನು ಒಂದೇ ಅಳತೆಗೆ ಕತ್ತರಿಸಿಕೊಡುವುದು ಪ್ರೆಸ್ಸಿನಲ್ಲಿ ಬೈಂಡರ್ ಆಗಿರುವ ಗಂಡನ ಕೆಲಸ. ಅವನ ಪಾತ್ರ ಅಲ್ಲಿಗೆ ಮುಗಿಯುತ್ತದೆ, ಅದು ಅವನಿಗೂ ಸಮ್ಮತ.

ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು ಸೊಸೆ ಎಲ್ಲ ಹೇಳಿದಳು. ಅತ್ತೆ ಕನ್ನಡಕ ಏರಿಸಿ ಕಾರ್ಡು ನೋಡಿದರು.

"ಇದೇನೇ ಇದು, ಇಪ್ಪತ್ತಾರು ಗಂಟೆ? ನಿನ್ನೆ ನೀನು ನನ್ನ ಹತ್ರ ಹೊತ್ತು ಎಷ್ಟು ಹಿಡೀತು ಅಂತ ಮಾತ್ರ ಕೇಳಿದೆ. ಇದನ್ನ ತೋರಿಸಲಿಲ್ಲ."

"ಡಿಪೋದಲ್ಲಿ ಹಾಗೇ ಅತ್ತೆ."

"ಡಿಪೋ ಲೆಕ್ಕ ಡಿಪೋ ಗೇಟಿನ ಒಳಗಿಟ್ಟುಕೋ. ನನ್ನ ವಾರ್ಡಲ್ಲಿ ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಹುಟ್ಟಿದ್ರೆ ಇವತ್ತು, ಎರಡು ನಿಮಿಷ ದಾಟಿ ಹುಟ್ಟಿದ್ರೆ ನಾಳೆ. ಅಪ್ಪಂದಿರು ಬಂದು ಕೈಮುಗಿಯೋರು. ಸಿಸ್ಟರ್, ಒಂದೇ ಒಂದು ದಿನ ಹಿಂದಕ್ಕೆ ಹಾಕಿ, ಇವತ್ತು ದಿನ ಚೆನ್ನಾಗಿದೆ ಅಂತ. ಹಾಕಿದೀನಾ?"

"ಇಲ್ಲ."

"ಮಗು ಹುಟ್ಟಿದ್ದಕ್ಕೇ ಹಾಕದವಳು, ಹಡಗು ಮುಳುಗಿದ್ದಕ್ಕೆ ಹಾಕ್ತೀನಾ? ಹೋಗು, ಆ ಪೆಟ್ಟಿಗೆಗಳನ್ನೆಲ್ಲ ತಗೊಂಡು ಬಾ. ಇಪ್ಪತ್ನಾಲ್ಕು ದಾಟಿದ್ದು ಇನ್ನೆಷ್ಟಿವೆಯೋ ನೋಡೋಣ."

ಆರು ಶೂ ಪೆಟ್ಟಿಗೆಗಳು ಮೇಜಿಗೆ ಬಂದವು. ದಿನಕ್ಕೊಂದು ಕಟ್ಟು, ಪ್ರತಿ ಕಾರ್ಡಿನ ಹಿಂದೆ ಆ ಪ್ರಶ್ನೆ ಕೇಳಿದ ವರ್ಷ. ಅತ್ತೆ ಜನವರಿಯಿಂದ, ಸೊಸೆ ಡಿಸೆಂಬರಿನಿಂದ. ಗಂಡ ಮೂರು ತಟ್ಟೆ ಊಟ ಬಡಿಸಿ ಎರಡನ್ನು ಅಲ್ಲೇ ಇಟ್ಟು ಹೋದ. ಸೆಪ್ಟೆಂಬರ್ ಒಂದರ ಕಟ್ಟಿನಲ್ಲಿ ಸೊಸೆಗೆ ಲಂಡನ್ನಿನ ಮಹಾ ಬೆಂಕಿ ಸಿಕ್ಕಿತು. ಅದು ಹೊತ್ತಿದ್ದು ಎರಡನೇ ತಾರೀಖು, ಮಧ್ಯರಾತ್ರಿ ದಾಟಿದ ಮೇಲೆ. ಕೇಳಿ ಒಂಬತ್ತು ವರ್ಷವಾಗಿತ್ತು. ಆ ಕಾರ್ಡನ್ನು ಪಕ್ಕಕ್ಕಿಟ್ಟು ಮುಂದುವರಿದರೆ ಆಗಸ್ಟ್ ಹನ್ನೆರಡರಲ್ಲಿ ಬರ್ಲಿನ್ ಗೋಡೆ ಎದುರಾಯಿತು, ಅದನ್ನು ಕಟ್ಟತೊಡಗಿದ ದಿನ. ಮುಂದೆ ಆಕೆಯದೇ ಅಕ್ಷರ: 25:00. ಅಂದರೆ ಹದಿಮೂರನೇ ತಾರೀಖು, ಬೆಳಗಿನ ಜಾವ ಒಂದು ಗಂಟೆ. ಅದನ್ನು ಕೇಳಿದ್ದು ಹನ್ನೊಂದು ವರ್ಷದ ಹಿಂದೆ.

ಆಕೆ ಎರಡೂ ಕಾರ್ಡುಗಳನ್ನು ಅತ್ತೆಯ ಮುಂದಿಟ್ಟಳು. ಹನ್ನೊಂದು ವರ್ಷದಿಂದ ಆ ಸಂಖ್ಯೆ ಸುಳ್ಳಾಗಿಯೇ ಹಲಗೆಯ ಮೇಲೆ ಬೆಳೆಯುತ್ತಿತ್ತು. ದಿನಾ ಒರೆಸಿ, ದಿನಾ ಬರೆದು, ಇಷ್ಟು ಜತನದಿಂದ ಸಾಕಿದ್ದು ಇದನ್ನು. ಅಳು ಬರಬೇಕಿತ್ತು, ಬಂದದ್ದು ನಗು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಅತ್ತೆಗೂ ಅಂಟಿಕೊಂಡಿತು. ಏನಾಯಿತೆಂದು ಗಂಡ ಬಾಗಿಲಿಗೆ ಬಂದು ಇಣುಕಿದ.

"ಏನಿಲ್ಲ ಕಣೋ," ಎಂದರು ಅತ್ತೆ ಕಣ್ಣೊರೆಸಿಕೊಳ್ಳುತ್ತಾ. "ನಿನ್ನ ಹೆಂಡ್ತಿ ಬರ್ಲಿನ್ ಗೋಡೆಗೆ ಗುದ್ದಿದಾಳೆ. ಅಪಘಾತದ ಬೋರ್ಡೂ ಸೊನ್ನೆ ಮಾಡಬೇಕು."

ಮಂಗಳವಾರ ಬೆಳಿಗ್ಗೆ ಐದಕ್ಕೆ ಮೊದಲ ಸಿಬ್ಬಂದಿ ಬರುವಾಗ ಟೈಮ್‌ಕೀಪರ್ ಹಲಗೆಯ ಮುಂದಿದ್ದಳು. ಒದ್ದೆ ಬಟ್ಟೆಯಿಂದ 4,996ನ್ನು ಒರೆಸಿದಳು. ಹಳೆಯ ಸೀಮೆಸುಣ್ಣದ ಕಲೆ ಹೋಗುವ ತನಕ ಉಜ್ಜಿದಳು. ದೊಡ್ಡದಾಗಿ ಒಂದು ಸೊನ್ನೆ ಬರೆದಳು. ಅದರ ಕೆಳಗೆ ಮೂರು ತಪ್ಪು ಪ್ರಶ್ನೆಗಳನ್ನೂ ಅವನ್ನು ಕೇಳಿದ ವರ್ಷಗಳನ್ನೂ ಬರೆದು, ಆಮೇಲೆ ದಿನದ ಪ್ರಶ್ನೆ ಬರೆದಳು: "ಇದೇ ದಿನ, 1912. ನಿನ್ನೆಯ ಹಡಗು ನಿಜವಾಗಿ ಮುಳುಗಿದ್ದು ಇವತ್ತು. ಎಷ್ಟು ಹೊತ್ತು ಹಿಡಿಯಿತು?"

ಎಲ್ಲರೂ ಹಲಗೆಯ ಮುಂದೆ ಗುಂಪಾಗಿ ಓದಿದರು. ಆಮೇಲೆ ಉತ್ತರ ತಮಗೆಲ್ಲ ಗೊತ್ತು ಎಂಬುದು ಒಟ್ಟಿಗೆ ಹೊಳೆದು ಡಬ್ಬಿಗೆ ಮುತ್ತಿಗೆ ಬಿತ್ತು. ಟಿಕೆಟಿಲ್ಲದವರು ಅಂಗೈ ಮೇಲೆ ಬರೆದುಕೊಂಡು ಕಾಗದಕ್ಕಾಗಿ ಓಡಿದರು. "ತಳ್ಳಬೇಡ್ರೀ, ಇದೇನು ಬಸ್ಸಾ?" ಎಂದು ಕೂಗಿದ ಲೌಡ್‌ಸ್ಪೀಕರ್ ತಾನೇ ಇಬ್ಬರನ್ನು ತಳ್ಳಿ ಚೀಟಿ ಹಾಕಿದಳು. ಐದು ಇಪ್ಪತ್ತಕ್ಕೆ ಮೊದಲ ಬಸ್ಸು ಹೊರಟಿತು. ಯಾವ ಬಸ್ಸೂ ತಡವಾಗಲಿಲ್ಲ. ಅದನ್ನು ಮಾತ್ರ ಆಕೆ ನೋಡಿಕೊಂಡಳು.

ಒಂಬತ್ತಕ್ಕೆ ಬಂದ ಮ್ಯಾನೇಜರು ಸೊನ್ನೆ ನೋಡಿ ತಲೆ ಕೆರೆದುಕೊಂಡರು. "ಬಣ್ಣದವನಿಗೆ ಏನು ಹೇಳಲಿ?"

"ನೆಲದ ಮೇಲಿನ ಪಾರ್ಕಿಂಗ್ ಗೆರೆ ಅಳಿಸಿಹೋಗಿದೆ ಸಾರ್. ಅದನ್ನ ಬರೆಸಿ."

ಎರಡು ಗಂಟೆಗೆ ಡಿಪೋದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ತೊಳೆಯುವ ಜಾಗದ ಮುಂದೆ ಹದಿನೇಳು ಬಸ್ಸುಗಳು, ಎಲ್ಲವೂ ತಾವೇ ಮೊದಲು ಎಂಬಂತೆ ಮೂತಿ ತೂರಿಸಿ ನಿಂತಿದ್ದವು. ಕೊನೇಗಾಡಿಯೂ ಬಂದಿದ್ದ, ಇವತ್ತು ಕಣ್ಣಿನ ಪರೀಕ್ಷೆಯ ನೆಪವೂ ಇಲ್ಲದೆ. ಟೈಮ್‌ಕೀಪರ್ ಡಬ್ಬಿ ಬೋರಲು ಹಾಕಿದಳು. ಚೀಟಿಗಳು ಗುಡ್ಡೆಯಾಗಿ ಬಿದ್ದವು. ಎಲ್ಲಕ್ಕಿಂತ ಮೇಲಿನದನ್ನು ಎತ್ತಿ ಓದತೊಡಗಿದವಳು ನಡುವೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಓದಿದಳು.

"ಎರಡು ಗಂಟೆ ನಲವತ್ತು ನಿಮಿಷ. ತಾರೀಖು ಹದಿನೈದು, ಸಮಯ ಒಂದು ಇಪ್ಪತ್ತು. ಹಡಗು ಇನ್ನೂ ಮುಳುಗಿಲ್ಲ, ಒಂದು ಗಂಟೆ ಇದೆ."

ಅದು ಕೊನೇಗಾಡಿಯ ಚೀಟಿ. ರಾತ್ರಿ ಬಸ್ಸು ಒಪ್ಪಿಸಿ ಮನೆಗೆ ಹೋಗುವಾಗ ಹಾಕಿದ್ದ.

ಲೌಡ್‌ಸ್ಪೀಕರ್ ಮುಗಿಲಿಗೆ ಬಾಯಿ ಮಾಡಿದಳು. "ಅನ್ಯಾಯ! ಅಕ್ಕಾ, ನೀವು ಪ್ರಶ್ನೆ ಬರೆದಿದ್ದೇ ಐದು ಗಂಟೆಗೆ. ಕೇಳೋಕೆ ಮುಂಚೆನೇ ಉತ್ತರ ಹೇಳೋದು ಯಾವ ಸೀಮೆ ಆಟ?"

"ಇದೇ ಪ್ರಶ್ನೆ ಬರುತ್ತೆ ಅಂತ ನಿನಗೆ ಹೇಗೆ ಗೊತ್ತಾಯ್ತು?" ಎಂದಳು ಟೈಮ್‌ಕೀಪರ್ ಅವನ ಕಡೆ ತಿರುಗಿ.

"ಪ್ರಶ್ನೆ ಬರುತ್ತೋ ಇಲ್ವೋ ಗೊತ್ತಿರ್ಲಿಲ್ಲ ಮೇಡಂ. ತಾರೀಖು ಬರುತ್ತೆ ಅಂತ ಗೊತ್ತಿತ್ತು."

ಆಕೆ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ಮೊದಲು ಬಿದ್ದ ಸರಿ ಉತ್ತರಕ್ಕೆ ಗೆಲುವು. ಪ್ರಶ್ನೆ ಆದಮೇಲೆ ಬೀಳಬೇಕು ಅಂತ ನಾನು ಎಲ್ಲೂ ಬರೆದಿಲ್ಲ. ಗೆದ್ದೆ ನೀನು."

ಶಿಳ್ಳೆ, ಚಪ್ಪಾಳೆ, ಮೂರು ಬಸ್ಸುಗಳ ಹಾರ್ನು. ಹಾರ್ನು ಹೊಡೆದ ಮೂವರನ್ನೂ ಆಕೆ ಸಾಲಿನ ಕೊನೆಗೆ ಅಟ್ಟಿದಳು. ಗೆದ್ದವನು ಮಾತ್ರ ಕತ್ತು ತುರಿಸಿಕೊಳ್ಳುತ್ತಾ ನಿಂತಿದ್ದ.

"ಈ ಬಹುಮಾನ ತಗೊಂಡು ನಾನೇನ್ ಮಾಡ್ಲಿ ಮೇಡಂ? ನಾನು ಬರೋ ಹೊತ್ತಿಗೆ ತೊಳೆಯೋ ಸಾಲಲ್ಲಿ ಮೊದಲನೇವ್ನೂ ನಾನೇ, ಕೊನೇವ್ನೂ ನಾನೇ. ಈಯಮ್ಮನಿಗೆ ಕೊಟ್ಬಿಡಿ. ನಿನ್ನೆಯಿಂದ ನನ್ನ ಮೇಲೆ ಹಲ್ಲು ಕಡೀತಿದಾರೆ."

"ನನಗೆ ಯಾರ ದಾನಾನೂ ಬೇಡ," ಎಂದಳು ಲೌಡ್‌ಸ್ಪೀಕರ್. ಎರಡೇ ಕ್ಷಣ. "ಕೊಡೋದಾದ್ರೆ ಬೇಗ ಕೊಡಪ್ಪಾ, ಹೊತ್ತಾಗ್ತಿದೆ."

ಟೈಮ್‌ಕೀಪರ್ ಸೊನ್ನೆ ಒರೆಸಿ ಒಂದು ಎಂದು ಬರೆದಳು. ಅಂಗಳವೆಲ್ಲ "ಒಂದೂ!" ಎಂದು ಕೂಗಿತು, ಐದು ಸಾವಿರಕ್ಕೂ ಅಷ್ಟು ಜೋರಾಗಿ ಕೂಗುತ್ತಿದ್ದರೋ ಇಲ್ಲವೋ.

ಅಲ್ಲಿಂದ ಆಟದ ಬಣ್ಣವೇ ಬದಲಾಯಿತು. ಉತ್ತರ ಹೊಳೆಯದೆ ಹದಿನಾರು ವರ್ಷ ಸುಮ್ಮನಿದ್ದವರಿಗೆಲ್ಲ ತಾರೀಖಮ್ಮನನ್ನು ಸೊನ್ನೆಗೆ ಇಳಿಸುವ ಚಪಲ ಹತ್ತಿತು. ಮರುದಿನ ಡಬ್ಬಿಯಲ್ಲಿ ಉತ್ತರಕ್ಕಿಂತ ಆಕ್ಷೇಪಣೆಗಳೇ ಹೆಚ್ಚು. ಒಬ್ಬ ಮೆಕ್ಯಾನಿಕ್ ಒಂದು ಮಹಾಯುದ್ಧವೇ ನಡೆದಿಲ್ಲವೆಂದು ವಾದಿಸಿದ್ದ. ಮ್ಯಾನೇಜರು ಹೆಸರು ಬರೆಯದೆ ಒಂದು ಚೀಟಿ ಹಾಕಿದ್ದರು, ಹಸಿರು ಶಾಯಿಯಿಂದ ಸಿಕ್ಕಿಬಿದ್ದರು. ಪ್ರತಿಯೊಂದಕ್ಕೂ ಹಲಗೆಯಲ್ಲಿ ಉತ್ತರ ಬರೆಯಬೇಕಾದ್ದರಿಂದ ಆಕೆಯ ಓದು ಎರಡರಷ್ಟಾಯಿತು. ಐದು ಸಾವಿರದ ಹತ್ತಿರ ಬಂದಾಗ ತಪ್ಪಿನ ಭಯಕ್ಕೆ ಸವಕಲು ಪ್ರಶ್ನೆಗಳನ್ನೇ ಹುಡುಕುತ್ತಿದ್ದವಳು ಈಗ ತನಗೇ ಕುತೂಹಲ ಹುಟ್ಟಿಸಿದ್ದನ್ನು ಕೇಳತೊಡಗಿದಳು.

ಮೇ ಮೊದಲ ವಾರದ ಶನಿವಾರ ಹದಿನಾರಕ್ಕೆ ಏರಿದ್ದ ಸಂಖ್ಯೆ ಮತ್ತೆ ಬಿತ್ತು. ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೂಗಿದಳು.

"ಅತ್ತೇ, ಸೊನ್ನೆ!"

"ಯಾರು ಹಿಡಿದಿದ್ದು?"

"ಇಪ್ಪತ್ಮೂರನೇ ನಂಬರಿನ ಬಸ್ಸಲ್ಲಿ ಓಡಾಡೋ ಒಬ್ಬಳು. ಅಂಚೆ ಕಚೇರೀಲಿ ಕಾಗದ ವಿಂಗಡಿಸೋಳಂತೆ. ಜಗತ್ತಿನ ಮೊದಲ ಅಂಚೆಚೀಟಿ ಬಳಕೆಗೆ ಬಂದಿದ್ದು ಮೇ ಒಂದು ಅಂತ ಕೇಳಿದ್ದೆನಲ್ಲ. ಒಂದನೇ ತಾರೀಖು ಬರೀ ಮಾರಾಟಕ್ಕೆ ಬಂತು, ಕಾಗದಕ್ಕೆ ಅಂಟಿಸೋಕೆ ಅಪ್ಪಣೆ ಆರನೇ ತಾರೀಖಿಂದ ಅಂತ ಬರೆದು ಕಳಿಸಿದಾಳೆ. ನೋಡಿದ್ರೆ ಹೌದು!"

"ಅಯ್ಯೋ, ನಾನೂ ಒಪ್ಪಿಬಿಟ್ಟಿದ್ದೆನಲ್ಲೇ." ಅತ್ತೆಗೆ ಸೊಸೆಗಿಂತ ಹೆಚ್ಚು ಅವಮಾನವಾಯಿತು. ರೇಡಿಯೋ ಆರಿಸಿ ಕುರ್ಚಿ ಮುಂದಕ್ಕೆಳೆದರು. "ಆ ಹುಡುಗಿ ಏನು ಬರೆದಿದಾಳೆ, ಪೂರ್ತಿ ಓದು. ನಾಳೆ ನಿನಗೆ ರಜ, ಹೊತ್ತಿದೆ. ಸೋಮವಾರಕ್ಕೆ ಏನಿದೆ ನಿನ್ನ ಹತ್ತಿರ?"

"ಮೂರು ಕಾರ್ಡಿವೆ. ಒಂದು ಸ್ವಲ್ಪ ಅನುಮಾನದ್ದು."

"ಅದನ್ನೇ ತೆಗಿ," ಎಂದರು ಅತ್ತೆ.